ಟೈಲರ್ ಮಾಸ್ಟರ ಕಾರ್ಡಿನ ಖಾಲಿ ಸಾಲು

ಜನವರಿ 12

ಗೌರವಾನ್ವಿತ ಸರ್,

ನಮಸ್ಕಾರಗಳು. ಮೊನ್ನೆ ಫೋನ್ ಮಾಡಿದ್ದೆ. ನಿಮ್ಮ ಮಗಳು ಎತ್ತಿಕೊಂಡು, "ಅಪ್ಪನಿಗೆ ಫೋನಲ್ಲಿ ಏನೂ ಕೇಳ್ಸಲ್ಲ, ಕಾಗದ ಬರೀರಿ, ಖುಷಿಯಿಂದ ಉತ್ತರ ಬರೀತಾರೆ" ಎಂದರು. ಕಾಲೇಜು ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಔಷಧದ ಚೀಟಿಗಳೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕ್ಲಿನಿಕ್ಕಿಗೆ ಬಂದು ನಾಲ್ಕು ತಿಂಗಳಾಯಿತು. ಜನ ಇನ್ನೂ ಬಾಗಿಲಲ್ಲಿ ಇಣುಕಿ, "ಡಾಕ್ಟ್ರು ಇಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಸಿಸ್ಟರೂ ಹೊಸಬರು. ಹೀಗಾಗಿ ನಮ್ಮಿಬ್ಬರಿಗೂ ನಿಮ್ಮ ಹಳೇ ಕಾರ್ಡುಗಳೇ ದಿಕ್ಕು. ಕಬ್ಬಿಣದ ಬೀರುವಿನಲ್ಲಿ ಇಪ್ಪತ್ತಾರು ವರ್ಷದ ಕಾರ್ಡುಗಳನ್ನು ನೀವು ಎಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದೀರೆಂದರೆ, ಯಾರ ಮೊಣಕಾಲು ಯಾವ ವರ್ಷದಿಂದ ನೋಯುತ್ತಿದೆ ಎಂಬುದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಮೇಲಿನ ಕಚೇರಿಯವರು ನಮ್ಮಂಥ ಸಣ್ಣ ಕ್ಲಿನಿಕ್ಕುಗಳ ಡಾಕ್ಟರನ್ನೆಲ್ಲ ಒಂದು ದಿನದ ತರಬೇತಿಗೆ ಕರೆದಿದ್ದರು. ವಿಪರೀತ ಕುಡಿಯುವ ರೋಗಿಗಳ ಜೊತೆ ಕುಡಿತದ ಮಾತು ಎತ್ತುವುದು ಹೇಗೆ ಎಂಬುದು ಪಾಠ. ಕಲಿಸಲು ಬಂದವರು ತೆಳ್ಳಗಿನ ಒಬ್ಬ ಹೆಂಗಸು, ಮಾತು ಮೆತ್ತಗೆ. ನಮ್ಮನ್ನೇ ಜೋಡಿ ಮಾಡಿ ಒಬ್ಬರು ಡಾಕ್ಟರು, ಒಬ್ಬರು ಕುಡುಕ ಆಗಿ ಎಂದರು. ನನ್ನ ಪಾಲಿಗೆ ಬಂದ ಹಿರಿಯ ಡಾಕ್ಟರು ಕುಡುಕನ ಪಾತ್ರವನ್ನು ಎಷ್ಟು ಸೊಗಸಾಗಿ ಮಾಡಿದರೆಂದರೆ ನಾನು ನಗುತ್ತಾ ಪ್ರಶ್ನೆಯನ್ನೇ ಮರೆತೆ. ಕೊನೆಗೆ ಎಲ್ಲರಿಗೂ ಒಂದೊಂದು ಕಟ್ಟು ಪ್ರಶ್ನೆಯ ಹಾಳೆ ಕೊಟ್ಟು ಕಳಿಸಿದರು. ಮೊದಲ ಮೂರು ಪ್ರಶ್ನೆ ಎಲ್ಲರಿಗೂ. ಅದರ ಅಂಕ ಒಂದು ಗೆರೆ ದಾಟಿದರೆ ಮಾತ್ರ ಉಳಿದ ಏಳು ಕೇಳಬೇಕು.

ಕೇಳುತ್ತಿದ್ದೇನೆ. ಯಾರೂ ಕುಡಿಯುವುದಿಲ್ಲ ಸರ್! ನನ್ನ ಮುಂದೆ ವಾಸನೆ ಹೊಡೆಯುತ್ತಾ ಕೂತವನೂ, "ಯಾರಾದ್ರೂ ತುಂಬಾ ಬಲವಂತ ಮಾಡಿದ್ರೆ" ಎನ್ನುತ್ತಾನೆ. ಇಡೀ ಬೀದಿಯನ್ನು ಯಾರು ಹಿಡಿದುಕೊಂಡು ಬಲವಂತ ಮಾಡುತ್ತಾರೋ ತಿಳಿಯದು.

ಎದುರಿನ ಟೈಲರ್ ಮಾಸ್ಟರ ಬಗ್ಗೆ ನಿಮ್ಮನ್ನೇ ಕೇಳಬೇಕು. ಬಿಪಿ ಇದೆ, ವರ್ಷಗಟ್ಟಲೆ ಹೊಟ್ಟೆ ಉರಿಗೆ ಮಾತ್ರೆ, ಹೋದ ವರ್ಷ ಎರಡು ಸಲ ಅಂಗಡಿ ಮೆಟ್ಟಿಲಿಂದ ಬಿದ್ದಿದ್ದಾರೆ. ಹತ್ತೊಂಬತ್ತು ವರ್ಷದ ಕಾರ್ಡು. ಅವರ ತಾಯಿಗಿದ್ದ ಸಕ್ಕರೆ ಕಾಯಿಲೆಯನ್ನೂ ಬರೆದಿದ್ದೀರಿ. 'ಅಭ್ಯಾಸಗಳು' ಎಂಬ ಸಾಲು ಮಾತ್ರ ಖಾಲಿ. ನಾನು ಕೇಳಿದರೆ, "ಸ್ವಲ್ಪ, ಡಾಕ್ಟ್ರಮ್ಮ" ಎಂದು ನಕ್ಕರು. ಅವರ ಸ್ವಲ್ಪ ಎಂದರೆ ಎಷ್ಟು ಸರ್? ನಿಮಗೆ ಗೊತ್ತಿರುತ್ತದೆ.

ವಿಧೇಯಳು,
ನಿಮ್ಮ ಜಾಗಕ್ಕೆ ಬಂದವಳು

•

ಜನವರಿ 22

ಪ್ರೀತಿಯ ಡಾಕ್ಟರಮ್ಮನವರಿಗೆ,

ಆಶೀರ್ವಾದಗಳು. ನಿಮ್ಮ ಕಾಗದವನ್ನು ಮಗಳಿಗೂ ಅಳಿಯನಿಗೂ ಓದಿ ತೋರಿಸಿದೆ. ಈ ಮನೆಯಲ್ಲಿ ನನಗೆ ಬರುವುದು ಕಿವಿ ಮೆಷಿನ್ನಿನ ಜಾಹೀರಾತುಗಳು ಮಾತ್ರ. ಆ ಮೆಷಿನ್ ಹಾಕಿಕೊಂಡರೆ ಮನುಷ್ಯರ ಮಾತು ಬಿಟ್ಟು ಉಳಿದೆಲ್ಲ ಕೇಳಿಸುತ್ತದೆ.

ನಿಮ್ಮ ತರಬೇತಿಯವರು ಒಳ್ಳೆಯವರೇ ಇರಬಹುದು, ಆದರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಬೇಡಿ. ಪೊಲೀಸ್ ಠಾಣೆಯಲ್ಲಿ ಕೂತ ಹಾಗಾಗುತ್ತದೆ. ಪೆನ್ನು ಮುಚ್ಚಿ ಪಕ್ಕಕ್ಕಿಡಿ. ನಿದ್ದೆಯಿಂದ ಶುರು ಮಾಡಿ. ಎಷ್ಟು ಹೊತ್ತಿಗೆ ಮಲಗುತ್ತೀರಿ, ನಡುವೆ ಎಚ್ಚರ ಆಗುತ್ತದೆಯೇ, ಎಚ್ಚರವಾದರೆ ಏನು ಮಾಡುತ್ತೀರಿ. ನಿದ್ದೆ ಬಾರದ ಕಥೆ ಹೇಳಲು ಎಲ್ಲರಿಗೂ ಇಷ್ಟ. ಅಲ್ಲಿಂದ ಬಾಟಲಿಗೆ ಎರಡೇ ಹೆಜ್ಜೆ. ಮತ್ತೆ, "ಕುಡೀತೀರಾ?" ಎನ್ನಬೇಡಿ, "ಎಷ್ಟು ಕುಡೀತೀರಿ?" ಎನ್ನಿ. ಮೊದಲನೆಯದಕ್ಕೆ ಇಲ್ಲ ಎನ್ನುವುದು ಸುಲಭ. ಅವರು ಹೇಳಿದ ಮೇಲೆ ಹುಬ್ಬು ಏರಿಸಬೇಡಿ. ಹುಬ್ಬು ಏರಿತೋ, ಮುಂದಿನ ಸಲ ಅವರು ಬೇರೆ ಡಾಕ್ಟರ ಹತ್ತಿರ ಇರುತ್ತಾರೆ.

ಟೈಲರ್ ಮಾಸ್ಟರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವನಂಥ ಸಜ್ಜನ ಆ ಬೀದಿಯಲ್ಲಿ ಇನ್ನೊಬ್ಬನಿಲ್ಲ. ಸಂಜೆ ಶಟರ್ ಎಳೆದ ಮೇಲೆ ಎರಡು ಪೆಗ್, ಅಷ್ಟೇ. ತೂರಾಡಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಆ ಮೆಟ್ಟಿಲು ಎತ್ತರ ಹೆಚ್ಚು, ನಾನೇ ಎರಡು ಸಲ ಎಡವಿದ್ದೇನೆ. ಕಾರ್ಡಿನಲ್ಲಿ ಬರೆಯುವುದು ಮರೆತಿರಬೇಕು, ವಯಸ್ಸಾಯಿತಲ್ಲ.

ಅವನಿಗೂ ಅವನ ಹೆಂಡತಿಗೂ ನಾನು ಕೇಳಿದೆನೆಂದು ಹೇಳಿ.

ಹಿತೈಷಿ,
ಕಿವುಡ ಡಾಕ್ಟರ್

•

ಫೆಬ್ರವರಿ 6, ಗುರುವಾರ

ಗೌರವಾನ್ವಿತ ಸರ್,

ನಿಮ್ಮ ಕಾಗದವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇಡೀ ದಿನದ ತರಬೇತಿಯಲ್ಲಿ ಸಿಗದ್ದು ನಿಮ್ಮ ಹತ್ತು ಸಾಲಿನಲ್ಲಿ ಸಿಕ್ಕಿತು. ಪೆನ್ನು ಮುಚ್ಚಿಟ್ಟೆ. ನಿದ್ದೆ ಕೇಳಿದೆ. ಹತ್ತು ದಿನದಲ್ಲಿ ಒಂಬತ್ತು ಜನ ಬಾಯಿ ಬಿಟ್ಟರು! ಒಬ್ಬ ಲಾರಿ ಡ್ರೈವರ್ ಅತ್ತೇಬಿಟ್ಟರು.

ನಿನ್ನೆ ಟೈಲರ್ ಮಾಸ್ಟರು ಬಿಪಿ ಮಾತ್ರೆಗೆ ಬಂದಿದ್ದರು. ಜನ ಕಡಿಮೆಯಿತ್ತು. ಅರ್ಧ ಗಂಟೆ ಕೂತು ಮಾತಾಡಿದೆವು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ಎದ್ದು ಕೂತು, ಶಾಲೆ ಯೂನಿಫಾರ್ಮಿನ ಬಟ್ಟೆ ಮಡಿಸುತ್ತಾರಂತೆ. ಮಗಳಿಗೆ ಏಳು ತಿಂಗಳು, ಏಪ್ರಿಲ್‌ನಲ್ಲಿ ಹೆರಿಗೆ. ಮೊಮ್ಮಗುವಿಗೆ ಆಗಲೇ ನಾಲ್ಕು ಅಂಗಿ ಹೊಲಿದಿಟ್ಟಿದ್ದಾರೆ. "ಗಂಡೋ ಹೆಣ್ಣೋ ಗೊತ್ತಿಲ್ಲ, ಅದಕ್ಕೆ ಹಳದಿ ಬಣ್ಣ" ಎಂದರು.

ಎಷ್ಟು ಕುಡೀತೀರಿ ಎಂದೆ. ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಎರಡು" ಎಂದರು. ನೀವು ಬರೆದದ್ದೂ ಅದೇ, ಅವರು ಹೇಳಿದ್ದೂ ಅದೇ. ಒಬ್ಬ ರೋಗಿಯಾದರೂ ನನಗೆ ನಿಜ ಹೇಳಿದರಲ್ಲ ಎಂದು ಖುಷಿಯಾಯಿತು. ಮೂರು ಪ್ರಶ್ನೆಯ ಅಂಕ ಗೆರೆಯ ಹತ್ತಿರ ಬಂದು ನಿಂತಿತು, ದಾಟಲಿಲ್ಲ. ಉಳಿದ ಏಳು ಕೇಳುವ ಅಗತ್ಯ ಬೀಳಲಿಲ್ಲ. ಆ ಅಂಕಕ್ಕೆ ಹಾಳೆಯಲ್ಲಿ 'ಚುಟುಕು ಸಲಹೆ ಕೊಡಿ' ಎಂದಿದೆ. ಕೊಟ್ಟೆ. ಹೊಟ್ಟೆ ಉರಿ, ಬಿಪಿ, ನಿದ್ದೆ, ಮೂರಕ್ಕೂ ಇದೇ ಮೂಲ ಇರಬಹುದು, ಬಿಟ್ಟು ನೋಡಿ ಎಂದೆ.

ಅವರು ಏನಂದರು ಗೊತ್ತೇ? "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೂರಿಸ್ಕೊಂಡು ಕೇಳಿರ್ಲಿಲ್ಲ ಡಾಕ್ಟ್ರಮ್ಮ. ನೀವು ಹೇಳಿದ್ರಲ್ಲ, ಆಯ್ತು. ಸೋಮವಾರದಿಂದ ಒಂದು ಹನಿ ಮುಟ್ಟಲ್ಲ. ಮಗು ಬರೋ ಹೊತ್ತಿಗೆ ಬಾಯಿ ವಾಸನೆ ಇರಬಾರದು."

ಎದ್ದು ಹೋಗುವಾಗ ಕೈ ಮುಗಿದರು. ಕೈ ಸ್ವಲ್ಪ ನಡುಗುತ್ತಿತ್ತು. ಬೆಳಗಿನ ಹೊತ್ತು ಸೂಜಿಗೆ ದಾರ ಹಾಕಲು ಹೆಂಡತಿಯನ್ನೇ ಕರೆಯುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಕಣ್ಣು ತೋರಿಸಲು ಚೀಟಿ ಬರೆದುಕೊಟ್ಟಿದ್ದೇನೆ.

ಸರ್, ಡಾಕ್ಟರಾಗಿ ನನಗೆ ನಿನ್ನೆಯಷ್ಟು ಸಂತೋಷ ಎಂದೂ ಆಗಿರಲಿಲ್ಲ.

ನಿಮ್ಮ ಶಿಷ್ಯೆ ಎಂದೇ ತಿಳಿಯಿರಿ

•

ಫೆಬ್ರವರಿ 11

ಪ್ರೀತಿಯ ಡಾಕ್ಟರಮ್ಮನವರಿಗೆ,

ಕಾಗದ ನಿನ್ನೆ ಬಂತು. ಬಹಳ ಸಂತೋಷ. ಒಂಬತ್ತು ಜನ ಬಾಯಿ ಬಿಡುವುದು ಸಣ್ಣ ಮಾತಲ್ಲ. ನಾನು ಇಪ್ಪತ್ತಾರು ವರ್ಷದಲ್ಲಿ ಅಷ್ಟು ಜನರ ಬಾಯಿ ಬಿಡಿಸಿದ್ದು ಹಲ್ಲು ನೋಡಲು ಮಾತ್ರ.

ಇಲ್ಲಿ ಎರಡು ದಿನದಿಂದ ನೀರಿನ ಪೈಪು ಒಡೆದು ಮನೆಯೆಲ್ಲ ಬಕೆಟ್ಟು. ಅಳಿಯ ಪ್ಲಂಬರನ್ನು ಕರೆಯುವುದಿಲ್ಲ, ತಾನೇ ಸರಿಮಾಡುತ್ತೇನೆಂದು ಹಟ. ನನಗೆ ಯಾವ ಸದ್ದೂ ಕೇಳಿಸದಿರುವುದು ಇಂಥ ಹೊತ್ತಿನಲ್ಲಿ ದೊಡ್ಡ ಅನುಕೂಲ. ಲಾರಿ ಡ್ರೈವರನ್ನು ಬಿಡಬೇಡಿ, ಅತ್ತವರು ನಾಚಿಕೆಯಿಂದ ಮತ್ತೆ ಬರುವುದಿಲ್ಲ, ನೀವೇ ಹೇಳಿಕಳಿಸಿ. ಟೈಲರ್ ಮಾಸ್ಟರಿಗೆ ಒಮ್ಮೆಲೇ ಬಿಡುವುದು ಬೇಡ, ನಿಧಾನವಾಗಿ ಕಡಿಮೆ ಮಾಡಲಿ ಎನ್ನಿ. ವಯಸ್ಸಾದ ಮೈ, ಹಠಾತ್ತನೆ ಯಾವುದೂ ಒಳ್ಳೆಯದಲ್ಲ. ಅವನ ಮಗಳು ಬಸುರಿ ಎಂಬ ಸುದ್ದಿ ಓದಿ ಖುಷಿಯಾಯಿತು. ಆ ಹುಡುಗಿಗೆ ಚಿಕ್ಕಂದಿನಲ್ಲಿ ಸೂಜಿ ಎಂದರೆ ಭಯ, ಟೈಲರನ ಮಗಳಾಗಿಯೂ.

ಕ್ಲಿನಿಕ್ಕಿನ ನನ್ನ ಹಳೇ ಕುರ್ಚಿ ಅಲ್ಲಾಡುತ್ತದೆ, ಎಡಗಾಲಿಗೆ ರಟ್ಟು ಮಡಿಸಿ ಇಡಿ.

ಹಿತೈಷಿ,
ಕಿವುಡ ಡಾಕ್ಟರ್

•

ಫೆಬ್ರವರಿ 16

ಸರ್,

ನಿಮ್ಮ ಕಾಗದ ನಿನ್ನೆ ತಲುಪಿತು. ಪೈಪು, ಬಕೆಟ್ಟು, ಅಳಿಯ ಎಲ್ಲ ದಾಟಿ 'ಒಮ್ಮೆಲೇ ಬಿಡುವುದು ಬೇಡ' ಎಂಬ ಆ ಒಂದು ಸಾಲನ್ನು ಮೂರು ಸಲ ಓದಿದೆ. ಆಗಲೇ ತಡವಾಗಿತ್ತು.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಸೋಮವಾರ ಅವರು ಮುಟ್ಟಲಿಲ್ಲ. ಸಂಜೆ ರಸ್ತೆಯ ಆಚೆಯಿಂದ ನನಗೆ ಕೈ ಎತ್ತಿ ತೋರಿಸಿದರು. ಮಂಗಳವಾರ ಬೆಳಿಗ್ಗೆ ಹೆಂಡತಿ ಕರಕೊಂಡು ಬಂದರು. ಅಂಗಿ ಬೆವರಿನಿಂದ ತೊಯ್ದಿತ್ತು, ನೀರು ಕುಡಿದರೂ ವಾಂತಿ. ನಾನು ಏನು ಹೇಳಿದೆ ಗೊತ್ತೇ ಸರ್? "ಒಳ್ಳೇದೇ, ಮೈಯಲ್ಲಿರೋ ಕೊಳೆ ಹೋಗ್ತಿದೆ" ಎಂದೆ. ವಾಂತಿಗೆ ಇಂಜೆಕ್ಷನ್ ಕೊಟ್ಟು, ಸುಸ್ತಿಗೆಂದು ಒಂದು ಬಾಟಲಿ ಗ್ಲೂಕೋಸ್ ಹಾಕಿ ಮನೆಗೆ ಕಳಿಸಿದೆ.

ಬುಧವಾರ ಹತ್ತು ಗಂಟೆಗೆ ಹೆಂಡತಿ ಬರಿಗಾಲಲ್ಲಿ ರಸ್ತೆ ದಾಟಿ ಓಡಿಬಂದರು. ನಾನು ಹೋದಾಗ ಮಾಸ್ಟರು ಕತ್ತರಿಸುವ ಮೇಜಿನ ಮುಂದೆ ನಿಂತು ಗಾಳಿಯಲ್ಲಿ ದಾರ ಹೆಕ್ಕುತ್ತಿದ್ದರು. ಎದುರಿಗೆ ಯಾರೂ ಇಲ್ಲ. "ಇವರಿಗೆ ತೋಳು ಉದ್ದ ಆಯ್ತಂತೆ, ಟೇಪು ಕೊಡೇ" ಎಂದು ಹೆಂಡತಿಯನ್ನು ಬೈದರು. ನನ್ನ ಮುಖ ನೋಡಿ ನಕ್ಕು, "ಬನ್ನಿ, ಕೂತ್ಕೊಳ್ಳಿ, ನಾಳೆ ಕೊಡ್ತೀನಿ" ಎಂದರು. ಹಾಗೆ ಅನ್ನುತ್ತಲೇ ಬಿದ್ದರು. ಫಿಟ್ಸ್. ಮೆಷಿನ್ನಿನ ಪೆಡಲಿಗೆ ತಲೆ ಬಡಿಯುತ್ತಿತ್ತು. ಸಿಸ್ಟರು ತಲೆ ಹಿಡಿದರು, ನಾನು ಇಂಜೆಕ್ಷನ್ ಕೊಟ್ಟೆ. ಆಂಬುಲೆನ್ಸ್ ಬರಲು ನಲವತ್ತು ನಿಮಿಷ. ಅಷ್ಟರಲ್ಲಿ ಇನ್ನೂ ಎರಡು ಸಲ ಬಂತು.

ದೊಡ್ಡಾಸ್ಪತ್ರೆಯ ಡ್ಯೂಟಿ ಡಾಕ್ಟರು ನನಗಿಂತ ಚಿಕ್ಕವನು. "ದಿನಕ್ಕೆ ಎಷ್ಟು ಕುಡೀತಿದ್ರು?" ಎಂದ. "ಎರಡು ಪೆಗ್" ಎಂದೆ. ಪಕ್ಕದಲ್ಲಿದ್ದ ಹೆಂಡತಿ ಬಾಯಿಗೆ ಒತ್ತಿದ್ದ ಸೆರಗು ತೆಗೆದು, "ಎರಡಲ್ಲಪ್ಪ. ಶಟರ್ ತೆಗೆಯೋಕೆ ಮುಂಚೇನೇ ಒಂದು ಕ್ವಾರ್ಟರ್ ಆಗ್ಬೇಕು, ಇಲ್ದಿದ್ರೆ ಕೈ ನಿಲ್ಲಲ್ಲ. ಮಧ್ಯಾಹ್ನ ಒಂದು. ಸಂಜೆ ಲೆಕ್ಕ ಇಲ್ಲ" ಎಂದರು. ಅವನು ನನ್ನ ಕಡೆ ತಿರುಗಿ, "ಗ್ಲೂಕೋಸ್ ಹಾಕೋ ಮುಂಚೆ ವಿಟಮಿನ್ ಬಿ-ಒನ್ ಕೊಟ್ರಾ ಮೇಡಂ?" ಎಂದ. ಕೊಟ್ಟಿರಲಿಲ್ಲ. ಅಷ್ಟು ಕುಡಿಯುವವರಿಗೆ ಮೊದಲು ಅದನ್ನು ಕೊಡಬೇಕು, ಇಲ್ಲದಿದ್ದರೆ ಗ್ಲೂಕೋಸಿನಿಂದ ಮೆದುಳಿಗೆ, ನೆನಪಿಗೆ ಪೆಟ್ಟಾಗಬಹುದು ಎಂದು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೆ ಎರಡು ಪೆಗ್ಗಿನ ಮನುಷ್ಯನಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ಅವರನ್ನು ಕೇಳಿದೆ, "ನನಗೆ ಯಾಕೆ ಹೇಳಲಿಲ್ಲ ಅಮ್ಮ?" ಅವರು ಆಶ್ಚರ್ಯದಿಂದ ನೋಡಿದರು. "ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ. ಹಳೇ ಡಾಕ್ಟ್ರಿಗೆ ಎಲ್ಲಾ ಗೊತ್ತಲ್ಲ. ಶನಿವಾರ ಶನಿವಾರ ಇಬ್ರೂ ಜೊತೇಲೇ ಕೂರ್ತಿದ್ರು."

ಇದು ನಿಜವೇ?

ನಿಮಗೆ ಕಿವಿ ಕೇಳಿಸುವುದಿಲ್ಲ ಸರಿ. ನಿಮ್ಮ ಮಗಳ ಕೈಯಲ್ಲಿ ಫೋನ್ ಇತ್ತಲ್ಲ. ಕಾಗದ ನಿಮಗೆ ಸಿಕ್ಕಿದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ಅವರು ನನ್ನ ಮುಂದೆ ಬೆವರುತ್ತಾ ಕೂತಿದ್ದರು. ಒಂದು ಫೋನ್ ಸಾಕಿತ್ತು.

•

ಮಾರ್ಚ್ 5

ಸರ್,

ನಿಮ್ಮಿಂದ ಉತ್ತರವಿಲ್ಲ. ಆದರೂ ತಿಳಿಸಬೇಕಾದ್ದನ್ನು ತಿಳಿಸುತ್ತೇನೆ.

ಮಾಸ್ಟರು ಮನೆಗೆ ಬಂದಿದ್ದಾರೆ. ಫಿಟ್ಸ್ ನಿಂತಿದೆ. ಗೋಡೆ ಹಿಡಿದು ನಡೆಯುತ್ತಾರೆ, ಕಾಲು ಅಗಲ ಇಟ್ಟು. ಹಳೆಯದೆಲ್ಲ ನೆನಪಿದೆ, ಯಾರ ಸೊಂಟದ ಅಳತೆ ಎಷ್ಟು ಎಂದು ಈಗಲೂ ಹೇಳುತ್ತಾರೆ. ಹೊಸದು ಯಾವುದೂ ನಿಲ್ಲುವುದಿಲ್ಲ. ನಾನು ದಿನಾ ಹೋಗುತ್ತೇನೆ, ದಿನಾ, "ನೀವ್ಯಾರಮ್ಮ?" ಎನ್ನುತ್ತಾರೆ. ಹೇಳಿದರೆ, "ಹೌದಾ? ಹಳೇ ಡಾಕ್ಟ್ರು ಎಲ್ಲಿಗೆ ಹೋದ್ರು?" ಎಂದು ಗಾಬರಿಯಾಗುತ್ತಾರೆ. ಮೆದುಳಿನ ಆ ಭಾಗ ಮತ್ತೆ ಬರುವುದು ಕಷ್ಟ ಎಂದು ದೊಡ್ಡಾಸ್ಪತ್ರೆಯವರು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಅವರ ಹೆಂಡತಿ ಅದನ್ನು ನನ್ನಿಂದ ಓದಿಸಿದರು. "ಕಷ್ಟ ಅಂದ್ರೆ ಎಷ್ಟು ದಿನ?" ಎಂದು ಕೇಳಿದರು.

ಕುಡಿತ ಬಿಟ್ಟುಹೋಗಿದೆ. ಕೇಳುವುದೂ ಇಲ್ಲ. ಕುಡಿಯುತ್ತಿದ್ದೆನೆಂಬುದು ನೆನಪಿದೆ; ಈಗ ಬೇಕು ಎನಿಸುವುದು ನೆನಪಾಗುವುದಿಲ್ಲ ಎಂದು ತೋರುತ್ತದೆ.

ತಿಂಗಳ ವರದಿಯಲ್ಲಿ ಒಂದು ಕಾಲಮ್ಮಿದೆ: ಸಲಹೆಯ ನಂತರ ಪೂರ್ತಿ ಬಿಟ್ಟವರ ಸಂಖ್ಯೆ. ಸಿಸ್ಟರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ನಾನು ಮುಂದಿನ ರೋಗಿಯನ್ನು ಕರೆದೆ. ಅವರು 'ಒಂದು' ಎಂದು ಬರೆದರು. ಇಡೀ ವಿಭಾಗದಲ್ಲಿ ಒಂದು ಬರೆದ ಕ್ಲಿನಿಕ್ ನಮ್ಮದೇ ಅಂತೆ. ಮುಂದಿನ ತರಬೇತಿಯಲ್ಲಿ ಬಂದು ಅನುಭವ ಹೇಳಬೇಕೆಂದು ಪತ್ರ ಬಂದಿದೆ.

ನಾನು ನಿಮ್ಮ ಉತ್ತರಕ್ಕೆ ಕಾಯುತ್ತಿಲ್ಲ. ಆದರೂ ಅಂಚೆಯವರು ಬಂದಾಗ ಎದ್ದು ನಿಲ್ಲುತ್ತೇನೆ.

•

ಮಾರ್ಚ್ 14

ಡಾಕ್ಟರಮ್ಮ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ತಮಾಷೆ ನುಸುಳುತ್ತಿತ್ತು.

ನಿಜ. ನನ್ನ ಹೆಂಡತಿ ತೀರಿಕೊಂಡ ವರ್ಷ, ಕ್ಲಿನಿಕ್ಕಿನ ಪರದೆಗೆ ಅಳತೆ ತೆಗೆಯಲು ಅವನು ಬಂದ. ಶನಿವಾರ. ಹೊರಗೆ ಹೋಗುವಾಗ, "ಒಬ್ರೇ ಏನ್ ಮಾಡ್ತೀರಿ ಸಾರ್, ಬನ್ನಿ" ಎಂದ. ಅವನ ಅಂಗಡಿಯ ಹಿಂದೆ ಒಂದು ಕೋಣೆ ಇದೆ, ಬಟ್ಟೆ ಚೂರುಗಳ ಮೂಟೆಗಳು. ಮೂಟೆಯ ಮೇಲೆ ಕೂತೆವು. ಹನ್ನೆರಡು ವರ್ಷ ಕೂತೆವು. ವಾರದ ಆರು ದಿನ ಜನರ ಕಫ, ಗಾಯ, ಅಳು. ಅಲ್ಲಿ ಮಾತ್ರ ಯಾರೂ ನನ್ನ ಮುಂದೆ ನಾಲಿಗೆ ಚಾಚುತ್ತಿರಲಿಲ್ಲ. ಅದೊಂದು ಸಂಜೆಗಾಗಿ ನಾನು ವಾರವನ್ನು ತಳ್ಳುತ್ತಿದ್ದೆ.

ನಾನು ಎರಡಕ್ಕೆ ನಿಲ್ಲಿಸುತ್ತಿದ್ದೆ. ನಿಮಗೆ ಬರೆದ ಎರಡು ಪೆಗ್ ನನ್ನದು. ಅವನದಲ್ಲ.

ಅವನದು ನನಗೆ ಗೊತ್ತಿತ್ತು. ಬೆಳಗಿನ ಕೈ ನಡುಕ ಕಂಡಿದ್ದೆ. ಕಣ್ಣಿನ ಹಳದಿ ಒಂದು ಸಲ ಕಂಡಿದ್ದೆ. ಬರೆಯಲು ಕಾರ್ಡು ತೆಗೆದರೆ, ಆ ಸಾಲಿನಲ್ಲಿ ಅವನ ಹೆಸರಿನ ಮುಂದೆ ನನ್ನದನ್ನೂ ಬರೆದ ಹಾಗೆ ಅನಿಸುತ್ತಿತ್ತು. ಮುಚ್ಚಿ ಇಡುತ್ತಿದ್ದೆ. ಒಂದೇ ಒಂದು ಸಲ ಬಾಯಿ ತೆಗೆದಿದ್ದೆ. "ಸ್ವಲ್ಪ ಕಡಿಮೆ ಮಾಡಬೇಕಪ್ಪ" ಎಂದೆ. ಕೈಯಲ್ಲಿ ಗ್ಲಾಸ್ ಇತ್ತು. ಅವನು ನನ್ನ ಗ್ಲಾಸ್ ನೋಡಿ, "ನೀವೇ ಹೇಳ್ತೀರಾ ಸಾರ್?" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮೇಲೆ ಆ ಮಾತು ಬರಲೇ ಇಲ್ಲ.

ಮಗಳ ಮನೆಗೆ ಬಂದ ದಿನ ನನ್ನದು ನಿಂತುಹೋಯಿತು. ತಲೆನೋವು ಕೂಡ ಬರಲಿಲ್ಲ. ಅವನಿಗೂ ಬಹಳವೆಂದರೆ ನಾಲ್ಕು ದಿನ ಸಂಕಟ ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳಲು ಇಷ್ಟಪಟ್ಟೆ. ನಿಮ್ಮ ಕಾಗದ ಬಂದ ಸೋಮವಾರ ಮಗಳು ಪಕ್ಕದಲ್ಲೇ ಇದ್ದಳು. ಫೋನ್ ಮಾಡಿಸಬೇಕಾದರೆ ಯಾಕೆ ಎಂದು ಅವಳಿಗೆ ಹೇಳಬೇಕಿತ್ತು. ಅಪ್ಪ ರೋಗಿಯೊಬ್ಬನ ಜೊತೆ ಮೂಟೆಯ ಮೇಲೆ ಕೂತು ಕುಡಿಯುತ್ತಿದ್ದ ಎನ್ನಬೇಕಿತ್ತು. ಒಂದು ರಾತ್ರಿ ಯೋಚಿಸಿದೆ. ಬೆಳಿಗ್ಗೆ, ನಿಮಗೂ ಗೊತ್ತಾಗದಂತೆ, ಅವನಿಗೂ ತೊಂದರೆಯಾಗದಂತೆ, ಒಂದು ಸಾಲು ಬರೆದೆ.

ಗ್ಲೂಕೋಸಿನದು ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ. ನಿಮಗೆ ನಿಜ ಗೊತ್ತಿದ್ದರೆ ಹಾಕುತ್ತಿರಲಿಲ್ಲ.

ನಾನು ಬಂದು ಅವನನ್ನು ನೋಡಬಹುದೇ?

•

ಮಾರ್ಚ್ 25

ಸರ್,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕೋಪ ಬರಲೆಂದು ಕಾದೆ, ಬರಲಿಲ್ಲ. ಗ್ಲೂಕೋಸಿನದು ನನ್ನದೇ, ಅದನ್ನು ನೀವು ತೆಗೆದುಕೊಳ್ಳಲಾರಿರಿ. ಬೆವರು, ವಾಂತಿ, ನಡುಕ ಮೂರೂ ನನ್ನ ಕಣ್ಣ ಮುಂದೆ ಇದ್ದವು. ನೀವು ಸುಳ್ಳು ಬರೆದಿರಬಹುದು, ಅವರ ಮೈ ಸುಳ್ಳು ಹೇಳಿರಲಿಲ್ಲ.

ತರಬೇತಿಗೆ ಹೋಗಿದ್ದೆ. ಮಾತಾಡಿದೆ. ಬಿಟ್ಟದ್ದು ಹೇಗೆ, ಬಿದ್ದದ್ದು ಹೇಗೆ ಎಲ್ಲ ಹೇಳಿದೆ. ನಲವತ್ತು ಜನ ಡಾಕ್ಟರು. ಕೊನೆಗೆ ಒಬ್ಬರು ಕೈ ಎತ್ತಿ, "ಹಾಗಾದ್ರೆ ನೀವು ಇವರನ್ನ ಯಾವ ಕಾಲಮ್ಮಿಗೆ ಹಾಕಿದ್ರಿ?" ಎಂದರು. ತಮಾಷೆಗಲ್ಲ, ನಿಜವಾಗಿ ಕೇಳಿದರು. ಅವರಿಗೂ ತುಂಬಬೇಕಾದ ಹಾಳೆ ಇದೆಯಲ್ಲ.

ಟೀ ಹೊತ್ತಿಗೆ ಆ ತೆಳ್ಳಗಿನ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣು ಕೆಂಪಾಗಿತ್ತು. "ಯಾರು ಒಮ್ಮೆಲೇ ಬಿಡಬಾರದು, ಯಾರನ್ನ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು, ಅದು ಎರಡನೇ ದಿನದ ಪಾಠ ಮೇಡಂ. ನಾನು ಎರಡು ದಿನ ಕೇಳಿದ್ದೆ. ಡಾಕ್ಟ್ರುಗಳನ್ನ ಎರಡು ದಿನ ಬಿಡೋಕಾಗಲ್ಲ ಅಂತ ಒಂದೇ ದಿನ ಕೊಟ್ರು. ಮೊದಲು ಕೇಳೋದನ್ನಾದ್ರೂ ಕಲೀಲಿ ಅಂದ್ಕೊಂಡೆ" ಎಂದರು. ಈ ಸಲವೂ ಒಂದೇ ದಿನ. ನಾನು ಅವರ ಭುಜ ಮುಟ್ಟಿದೆ.

ಇಲ್ಲಿ ಬೀದಿಯಲ್ಲಿ ಬೇರೆಯೇ ಮಾತು. ಡಾಕ್ಟರಮ್ಮ ಬಿಡಿಸಿದರು, ಮಾಸ್ಟರ ತಲೆ ಹೋಯಿತು. ನಾನು ಈಗ ಪೆನ್ನು ಮುಚ್ಚಿ ನಿದ್ದೆಯ ವಿಷಯ ಕೇಳಿದರೆ ಸಾಕು, ಜನ ಎದ್ದು ಹೊರಡುತ್ತಾರೆ. ಲಾರಿ ಡ್ರೈವರಿಗೆ ಹೇಳಿಕಳಿಸಿದ್ದೆ. ಬಾಗಿಲಲ್ಲೇ ನಿಂತು, "ಬಿಟ್ರೆ ಅಪಾಯ ಅಂತಲ್ಲ ಡಾಕ್ಟ್ರಮ್ಮ, ನಾನು ನಿಲ್ಸಿಲ್ಲ, ಹೆದರ್ಬೇಡಿ" ಎಂದು ನನಗೇ ಧೈರ್ಯ ಹೇಳಿ ಹೋದರು. ನಿಧಾನವಾಗಿ, ಔಷಧದ ಜೊತೆ, ಕಣ್ಣೆದುರಿಗೆ ಇಟ್ಟುಕೊಂಡು ಬಿಡಿಸಬಹುದು ಎಂದು ಹಿಂದೆ ಹೋಗಿ ಕೂಗಿದೆ. ಲಾರಿಯ ಬಾಗಿಲು ಹಾಕಿಕೊಂಡರು.

ನೀವು ಬರುವುದಾದರೆ ಬನ್ನಿ. ಬೇಡವೆನ್ನಲು ನಾನು ಯಾರು? ಬಂದು ಏನು ಮಾಡುತ್ತೀರಿ ಎಂದು ಮಾತ್ರ ನನಗೆ ಗೊತ್ತಿಲ್ಲ.

•

ಏಪ್ರಿಲ್ 22

ಡಾಕ್ಟರಮ್ಮ,

ನಾನು ಮೊನ್ನೆ ಭಾನುವಾರ ಬಂದಿದ್ದೆ. ಕ್ಲಿನಿಕ್ ಮುಚ್ಚಿರುವ ದಿನವನ್ನೇ ಆರಿಸಿಕೊಂಡೆ. ಮಗಳಿಗೆ ಎಲ್ಲ ಹೇಳಿದೆ. ಅವಳು ಬಸ್ಸಿನವರೆಗೆ ಬಂದು ಕಿಟಕಿ ಪಕ್ಕ ಕೂರಿಸಿ ಹೋದಳು.

ಅವನು ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಮುಖ ಅರಳಿತು. "ಸಾರ್! ಯಾವಾಗ ಬಂದ್ರಿ? ಬನ್ನಿ ಬನ್ನಿ" ಎಂದು ಏಳಲು ಹೋದ, ಕಾಲು ನಿಲ್ಲಲಿಲ್ಲ, ನಾನು ಹಿಡಿದೆ. ನನ್ನ ಕಿವಿಯ ವಿಷಯ ಅವನಿಗೆ ನೆನಪಿದೆ. ಎಡಗಿವಿಯ ಹತ್ತಿರ ಬಾಯಿ ತಂದು ಜೋರಾಗಿ ಮಾತಾಡಿದ. ನನ್ನ ಹೆಂಡತಿಯ ವಿಷಯ ಎತ್ತಿದ, ತಪ್ಪಿಲ್ಲದೆ, ಅವಳು ಹೋದದ್ದನ್ನೂ ನೆನೆದು. ಒಳಗೆ ಮಗು ಮಲಗಿತ್ತು, ಹನ್ನೊಂದು ದಿನದ ಹೆಣ್ಣು. ಸ್ವಲ್ಪ ಅತ್ತಿರಬೇಕು, ಅವನು ತಿರುಗಿ ಹೆಂಡತಿಯನ್ನು ಅದೇ ಜೋರು ದನಿಯಲ್ಲಿ, "ಯಾರ ಮಗೂನೇ ಅದು?" ಎಂದ. ಆಕೆಯೂ ಜೋರಾಗಿ, "ನಮ್ಮದೇ, ಮಗಳದು" ಎಂದರು. ಅವನು ಖುಷಿಯಿಂದ ಕೈ ಮುಗಿದ. ಐದು ನಿಮಿಷಕ್ಕೆ ಮತ್ತೆ ಕೇಳಿದ.

ಆಕೆ ನನ್ನ ಹತ್ತಿರ ಬಂದು ಕೂತರು. ಬೈಯುತ್ತಾರೆಂದು ನಾನು ಸಿದ್ಧವಾಗಿಯೇ ಬಂದಿದ್ದೆ. ಅವರು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಲಿಲ್ಲ. ಎರಡನೇ ಸಲ ಜೋರಾಗಿ ಕೇಳಬೇಕಾಯಿತು: "ನಿಮಗೆ ಗೊತ್ತಿತ್ತಾ, ಇಷ್ಟು ಕುಡಿಯೋರು ಒಂದೇ ಸಲ ಬಿಟ್ರೆ ಹೀಗಾಗತ್ತೆ ಅಂತ?"

"ಗೊತ್ತಿತ್ತಮ್ಮ" ಎಂದೆ.

ಅವನಿಗೂ ಕೇಳಿಸಿತು. "ಏನು ಗೊತ್ತಿತ್ತು ಸಾರ್?" ಎಂದ.

ಹೇಳಿದೆ. ಅವನ ಎರಡೂ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ನಿನ್ನ ಕುಡಿತ ನನಗೆ ಗೊತ್ತಿತ್ತು, ಹೇಳಲಿಲ್ಲ, ಡಾಕ್ಟರಮ್ಮನಿಗೆ ಸುಳ್ಳು ಬರೆದೆ, ಅದರಿಂದ ನಿನಗೆ ಹೀಗಾಯಿತು ಎಂದೆ. ಅವನು ಒಂದೊಂದು ಮಾತನ್ನೂ ಕೇಳಿಸಿಕೊಂಡ. ಮುಖ ಸಣ್ಣಗಾಯಿತು. "ನನಗಾ?" ಎಂದು ಹೆಂಡತಿಯನ್ನು ನೋಡಿದ. ಆಕೆ ತಲೆ ತಗ್ಗಿಸಿದರು. ಅವನು ಅತ್ತ ಡಾಕ್ಟರಮ್ಮ. ಆಮೇಲೆ ನನ್ನ ಕೈ ಒತ್ತಿ, "ಹೋಗ್ಲಿ ಬಿಡಿ ಸಾರ್, ನೀವೇನು ಬೇಕು ಅಂತ ಮಾಡಿದ್ರಾ" ಎಂದ.

ಹತ್ತು ನಿಮಿಷ ನನ್ನ ಎದೆ ಹಗುರವಾಗಿತ್ತು. ಅಷ್ಟರಲ್ಲಿ ಅವನು ತಲೆ ಎತ್ತಿ, "ಸಾರ್! ಯಾವಾಗ ಬಂದ್ರಿ?" ಎಂದ.

ನಾನು ಮತ್ತೆ ಹೇಳಿದೆ. ಯಾಕೆಂದು ನನಗೆ ಗೊತ್ತಿಲ್ಲ. ಅವನು ಮತ್ತೆ, "ನನಗಾ?" ಎಂದ. ಮತ್ತೆ ಅತ್ತ. ಮತ್ತೆ ನನ್ನ ಕೈ ಒತ್ತಿದ.

ಮೂರನೇ ಸಲ ನಾನು ಬಾಯಿ ತೆರೆದಾಗ ಆಕೆ ನಡುವೆ ಬಂದು ನಿಂತರು. ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸಾಕು ಬಿಡಿ ಡಾಕ್ಟ್ರೇ. ಇನ್ನು ಹೇಳ್ಬೇಡಿ. ಅವರಿಗೆ ಪ್ರತಿ ಸಲಾನೂ ಮೊದಲ್ನೇ ಸಲ."

ಅವನು ನನಗೆ ಬಿಸಿ ಬಿಸಿ ಟೀ ಕೊಡಿಸಲೇಬೇಕೆಂದು ಹಟ ಮಾಡುತ್ತಿದ್ದ. ಕುಡಿದೆ. ಸಂಜೆಯವರೆಗೆ ಕೂತಿದ್ದು, ಅವನು ಕೇಳಿದಾಗಲೆಲ್ಲ, ಈಗಷ್ಟೇ ಬಂದೆ ಎಂದು ಹೇಳುತ್ತಾ ಇದ್ದೆ.